ಹಗುರಾಗಿ ಬರೆಯುವ ಮನೆಯವರು

ನನ್ನ ಅಂಗಿಯ ಜೇಬಿನಲ್ಲಿ ಒಂದು ರಬ್ಬರಿದೆ. ಒಂದು ಕಾಲಕ್ಕೆ ಬೆಳ್ಳಗೆ, ಚೌಕವಾಗಿ, ಅಂಗಡಿಯ ಹೊದಿಕೆಯೊಳಗೆ ಮದುಮಗಳ ಹಾಗೆ ತಲೆ ತಗ್ಗಿಸಿ ಕೂತಿದ್ದ ಅದು ಈಗ ಮೂಲೆಗಳನ್ನೆಲ್ಲ ಕಳೆದುಕೊಂಡು, ಹುಣಿಸೆ ಬೀಜದ ಆಕಾರಕ್ಕೆ ಇಳಿದು, ಮೈತುಂಬ ಕರಿ ಬಳಿದುಕೊಂಡಿದೆ. ಅಂಗಿ ಒಗೆಯುವ ಮುನ್ನ ನನ್ನ ಹೆಂಡತಿ ಜಯಂತಿ ಅದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಡುತ್ತಾಳೆ. ನಾನು ಮತ್ತೆ ಎತ್ತಿ ಮಡಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ. ನಲವತ್ತೈದು ದಾಟಿದ ಗುಮಾಸ್ತನ ಜೇಬಿನಲ್ಲಿ ಇರಬೇಕಾದವು ಬೇರೆ: ರೈಲಿನ ಪಾಸು, ಹೊಟ್ಟೆಯುರಿಗೆ ಒಂದು ಮಾತ್ರೆ, ಯಾರದೋ ನಂಬರು ಗೀಚಿದ ಚೀಟಿ. ಅವೂ ಇವೆ, ಅವುಗಳ ನಡುವೆ ಈ ಕರಿ ಹುಣಿಸೆ ಬೀಜವೂ ಇದೆ. ಏಕೆಂದು ಜಯಂತಿ ಕೇಳುವುದಿಲ್ಲ, ಅವಳಿಗೆ ಗೊತ್ತು. ನಿಮಗೆ ಗೊತ್ತಿಲ್ಲವಾದ್ದರಿಂದ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಸಹಿಸಿಕೊಳ್ಳಿ; ನೇರವಾಗಿ ಹೇಳುವಷ್ಟು ಧೈರ್ಯ ನನಗಿಲ್ಲ.

ಧೈರ್ಯದ ಮಾತು ಬಂದಿತಲ್ಲ, ಅದನ್ನೇ ಮೊದಲು ಮುಗಿಸಿಬಿಡೋಣ. ನಾನು ಚಿಂತೆಯನ್ನೇ ಕಸುಬಾಗಿ ಮಾಡಿಕೊಂಡವನು. ಮದ್ದೂರಿನ ಕಚೇರಿಯೊಂದರಲ್ಲಿ ಕಡತ ನೋಡುವುದು ಸಂಬಳಕ್ಕೆಂದು ಇಟ್ಟುಕೊಂಡ ಉಪಕಸುಬು. ಮಂಡ್ಯದ ನಿಲ್ದಾಣಕ್ಕೆ ಬೆಳಗಿನ ರೈಲು ತಡವಾಗಿ ಬಂದರೆ ತಡವಾಯಿತೆಂದು ಚಿಂತೆ, ಸರಿಯಾದ ಹೊತ್ತಿಗೆ ಬಂದುಬಿಟ್ಟರೆ ಇದು ನಮ್ಮ ರೈಲೇ ಹೌದೋ ಅಲ್ಲವೋ ಎಂದು ಚಿಂತೆ. ನಾಲೆಯಲ್ಲಿ ನೀರಿಲ್ಲದಿದ್ದರೆ ಗದ್ದೆಯ ಯೋಚನೆ, ನೀರು ತುಂಬಿ ಹರಿದರೆ ನಾಲೆಯ ಏರಿಯ ಮೇಲೆ ಬೈಕು ಓಡಿಸುವ ಪರಿಚಯವಿಲ್ಲದ ಜನರ ಯೋಚನೆ. ಇಂಥವನ ಮನೆಯಲ್ಲಿ ಇರುವ ಒಬ್ಬಳೇ ಮಗಳು ಎರಡನೆಯ ಪಿಯುಸಿಗೆ ಕಾಲಿಟ್ಟು, ವರ್ಷದ ಕೊನೆಗೆ ಸಿಇಟಿ ಬರೆಯಬೇಕೆಂದಾದರೆ ಆ ಮನೆಯ ಗತಿಯನ್ನು ನೀವೇ ಊಹಿಸಿಕೊಳ್ಳಿ. ಸಿಂಚನ ಹಾಯಾಗಿದ್ದಳು. ಪರೀಕ್ಷೆ ನನಗೆ ಹತ್ತಿರವಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಮಂಡ್ಯದ ಪುಸ್ತಕದಂಗಡಿಯೊಂದಕ್ಕೆ ನಾನು ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂದು ನಾಲ್ಕು ಹೆಸರು ಹೇಳಿದರೆ ಒಂದೊಂದಕ್ಕೂ ಹತ್ತು ಪುಸ್ತಕ ಕೆಳಗಿಳಿಯುತ್ತಿದ್ದವು. ಅವುಗಳಲ್ಲಿ ಕೆಲವು ದಿಂಬಿನಷ್ಟು ದಪ್ಪ, ಕೆಲವು ಪಂಚಾಂಗದಷ್ಟು ತೆಳು. ದಪ್ಪನೆಯದನ್ನು ಹಿಡಿದರೆ ಇದನ್ನು ಮಗು ಮುಗಿಸುವುದು ಯಾವಾಗ ಎಂಬ ಭಯ, ತೆಳ್ಳನೆಯದನ್ನು ಹಿಡಿದರೆ ಇದರಲ್ಲಿ ಬಿಟ್ಟುಹೋದ ಪ್ರಶ್ನೆಯೇ ಪರೀಕ್ಷೆಗೆ ಬಂದರೆ ಎಂಬ ಭಯ. ಒಂದರಲ್ಲಿ ಉತ್ತರವಿತ್ತು, ವಿವರಣೆ ಇರಲಿಲ್ಲ. ಇನ್ನೊಂದರಲ್ಲಿ ವಿವರಣೆಯಿತ್ತು, ಆದರೆ ಆ ವಿವರಣೆಯನ್ನು ವಿವರಿಸಲು ಮತ್ತೊಂದು ಪುಸ್ತಕ ಬೇಕಿತ್ತು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳದ್ದೇ ಒಂದು ಸಂಪುಟ, ಮಾದರಿ ಪರೀಕ್ಷೆಗಳದ್ದು ಒಂದು ಸಂಪುಟ, ಕೊನೆಯ ತಿಂಗಳಿಗೆಂದೇ ಉಸಿರು ಬಿಗಿಹಿಡಿದು ಬರೆದಂತಿದ್ದ ಇನ್ನೊಂದು. ಪಿಯುಸಿಯಲ್ಲಿ ನಾನು ಓದಿದ್ದು ಇತಿಹಾಸ ಮತ್ತು ಅರ್ಥಶಾಸ್ತ್ರ. ಆದರೂ ಕನ್ನಡಕವನ್ನು ಹಣೆಗೇರಿಸಿ, ಬೆಂಜೀನಿನ ಷಟ್ಕೋನವನ್ನು ಜಮೀನಿನ ನಕ್ಷೆಯಂತೆ ದಿಟ್ಟಿಸಿ, "ಹೂಂ" ಎಂದು ತಲೆದೂಗಿ ಕೆಳಗಿಡುತ್ತಿದ್ದೆ. ಒಂದು ದಿನ ಅಂಗಡಿಯ ಯಜಮಾನರಿಗೆ ಸಾಕಾಯಿತು.

"ಸಾರ್, ಪರೀಕ್ಸೆ ಬರಿಯೋರು ಯಾರು?"

"ಮಗಳು."

"ಅಂಗಾರೆ ಅವಳ್ನೇ ಕಳ್ಸಿ. ನೀವು ಬಂದ್ರೆ ಪುಸ್ತಕ ಸವೀತವೆ, ಯಾಪಾರ ಆಯ್ತಾ ಇಲ್ಲ."

ಅವರ ಮಾತಿಗೆ ನಾನೂ ನಕ್ಕೆ. ನಕ್ಕು ಹೊರಗೆ ಬಂದು, ಕ್ಷೌರದಂಗಡಿಯವನನ್ನು ಕೇಳಿದೆ, ರೈಲಿನಲ್ಲಿ ಎದುರು ಕೂತ ಅಪರಿಚಿತ ಮೇಷ್ಟರನ್ನು ಕೇಳಿದೆ. ಕ್ಷೌರದವನು ತನ್ನ ಅಣ್ಣನ ಮಗ ಓದಿದ ಪುಸ್ತಕದ ಬಣ್ಣವನ್ನು ಮಾತ್ರ ಹೇಳಬಲ್ಲವನಾಗಿದ್ದ: ಹಸಿರು. ಆ ವಾರವೆಲ್ಲ ನಾನು ಹಸಿರು ರಟ್ಟಿನ ಪುಸ್ತಕಗಳನ್ನು ವಿಶೇಷ ಗೌರವದಿಂದ ನೋಡಿದೆನೆಂದರೆ ನೀವು ನಂಬಬೇಕು.

ನಿಜ ಹೇಳಬೇಕೆಂದರೆ ನಮ್ಮ ಮನೆತನದಲ್ಲಿ ಪುಸ್ತಕ ಕೊಳ್ಳುವ ರೂಢಿಯೇ ಇರಲಿಲ್ಲ. ಪುಸ್ತಕ ಬರುವ ರೂಢಿಯಿತ್ತು. ಬಸರಾಳಿನಲ್ಲಿ ದೊಡ್ಡಪ್ಪನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ದೊಡ್ಡಪ್ಪನ ಮಗಳು ಭಾಗ್ಯಕ್ಕ ನನಗಿಂತ ಒಂದು ತರಗತಿ ಮುಂದೆ. ಅವಳು ಪಾಸಾದ ವಾರಕ್ಕೆ ಅವಳ ಪುಸ್ತಕಗಳು ಗೋಡೆ ದಾಟಿ ನನಗೆ ಬರುತ್ತಿದ್ದವು, ನಾನು ಪಾಸಾದರೆ ಚಿಕ್ಕಮ್ಮನ ಮಗನಿಗೆ ಹೋಗುತ್ತಿದ್ದವು, ಅಲ್ಲಿಂದ ಮುಂದೆ ಯಾರಿಗೆ ಎಂಬುದು ಯಾರ ಮಗು ಯಾವ ತರಗತಿಯಲ್ಲಿ ಉಳಿಯಿತು ಎಂಬುದರ ಮೇಲೆ ನಿಂತಿತ್ತು. ಆದ್ದರಿಂದ ಪುಸ್ತಕದ ಮೇಲೆ ಮಸಿಯಲ್ಲಿ ಬರೆಯುವುದೆಂದರೆ ಹಂಚಿನ ಮನೆಗೆ ಕಲ್ಲೆಸೆದಷ್ಟು ಅಪರಾಧ. ಬರೆಯುವುದಾದರೆ ಪೆನ್ಸಿಲಿನಲ್ಲಿ, ಅದೂ ಹಗುರಾಗಿ. ಹಾಳೆಯ ಮೇಲೆ ನನ್ನ ಕೈ ತುಸು ಭಾರವಾಯಿತೆಂದರೆ ನಮ್ಮವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಅಗುರಾಗ್ ಬರೀಲಾ! ಅದೇನ್ ನಿನ್ನೊಬ್ಬಂದಾ?" ಬೇಸಿಗೆ ರಜೆಯ ಮೊದಲ ಕೆಲಸವೇ ಅಳಿಸುವುದು. ಭಾಗ್ಯಕ್ಕ ಪುಸ್ತಕದ ಜೊತೆಗೆ ತನ್ನ ರಬ್ಬರನ್ನೂ ತಂದು, ಜಗಲಿಯಲ್ಲಿ ನನ್ನ ಪಕ್ಕ ಕೂತು, ತನ್ನ ಅಕ್ಷರಗಳನ್ನು ತಾನೇ ಉಜ್ಜಿ ತೋರಿಸುತ್ತಿದ್ದಳು. "ಪೂರ್ತಿ ಅಳ್ಸು ಕಣ್ಲಾ ಸಿವೂ. ನಾನು ತಪ್ಪು ಬರ್ದಿರ್ತೀನಿ, ನೀನು ಅದ್ನೇ ನೋಡ್ಕಂಡು ಬರ್ದು ಪೇಲಾದೀಯ." ಹಾಗೆ ನಾವು ಬೆಳೆದೆವು. ಎಷ್ಟು ಪುಸ್ತಕ ಓದಿದೆವು, ಯಾವುದರಲ್ಲೂ ನಾವು ಓದಿದ ಗುರುತಿಲ್ಲ. ಇದನ್ನು ನಾನು ಬಹಳ ದಿನ ಒಂದು ಸದ್ಗುಣವೆಂದೇ ತಿಳಿದಿದ್ದೆ. ಬಾಡಿಗೆ ಮನೆಯನ್ನು ಗುಡಿಸಿ ಸಾರಿಸಿ ಬಿಟ್ಟುಹೋಗುವವರ ಸದ್ಗುಣ.

ಭಾಗ್ಯಕ್ಕ ಮಳವಳ್ಳಿಗೆ ಸೊಸೆಯಾಗಿ ಹೋದಳು. ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಪೂರ್ಣಿಮ, ಮನೆಯವರ ಬಾಯಲ್ಲಿ ಪೂರ್ಣಿ, ಸಿಂಚನಳಿಗಿಂತ ಸರಿಯಾಗಿ ಒಂದು ತರಗತಿ ಮುಂದೆ. ವಿಧಿಯೂ ನಮ್ಮ ಮನೆಯ ರೂಢಿಯನ್ನು ಕಲಿತಂತಿತ್ತು. ಪೂರ್ಣಿ ಆ ವರ್ಷ ಸಿಇಟಿ ಬರೆದು, ಒಳ್ಳೆಯ ರ‍್ಯಾಂಕು ತೆಗೆದು, ಕೃಷಿ ಪದವಿಯ ಸೀಟಿಗೆ ಕಾಯುತ್ತಿದ್ದಳು. ಸುದ್ದಿ ತಿಳಿದದ್ದೇ ಅಂಗಡಿಗೆ ಅಲೆಯುವುದನ್ನು ಬಿಟ್ಟು ಒಂದು ಭಾನುವಾರ ಮಳವಳ್ಳಿಯ ಬಸ್ಸು ಹತ್ತಿದೆ. ಗೆದ್ದವರ ಕೈ ತಾಗಿದ ಪುಸ್ತಕವೆಂದರೆ ದಪ್ಪವೋ ತೆಳುವೋ ಎಂಬ ಪ್ರಶ್ನೆಯೇ ಏಳುವುದಿಲ್ಲವಲ್ಲ!

ಭಾಗ್ಯಕ್ಕ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದಳು. ಅವಳ ಮನೆಯಲ್ಲಿ ರೇಷ್ಮೆಹುಳುಗಳು ಮನುಷ್ಯರಿಗಿಂತ ಮೊದಲು ಉಣ್ಣುತ್ತವೆ. ನನ್ನ ಮುಖ ನೋಡಿ ನಕ್ಕಳು. "ಏನ್ಲಾ ಸಿವೂ, ಇಂಗೆ ಸೊರಗೋಗಿದ್ದೀಯೆ? ಪರೀಕ್ಸೆ ನಿಂಗಾ, ನಿನ್ ಮಗೀಗಾ?"

"ಇಬ್ಬರಿಗೂ ಅಕ್ಕ. ಅವಳು ಬರೀತಾಳೆ, ನಾನು ಫೇಲಾಗ್ತೀನಿ."

ಪೂರ್ಣಿ ಒಳಗಿನಿಂದ ಪುಸ್ತಕಗಳ ರಾಶಿಯನ್ನು ಎದೆಗವುಚಿಕೊಂಡು ಬಂದು ನನ್ನ ಮುಂದೆ ಇಳಿಸಿದಳು. ಎತ್ತರದ ಹುಡುಗಿ, ಮಾತಿಗೆ ಮೊದಲು ಹುಬ್ಬು ಕುಣಿಯುತ್ತಿತ್ತು. ಅಂಗಡಿಯವರು ಹೇಳಲಾರದ್ದನ್ನು ಅವಳು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದಳು. "ಮಾವ, ಈ ದಪ್ಪಂದು ಬರೀ ಜಂಬ, ಬುಟ್ಬುಡು. ಮೊದ್ಲು ಕಾಲೇಜಿನ ಪಠ್ಯಪುಸ್ತಕನೇ ಎರಡು ಸಲ ಓದ್ಲಿ. ಆಮೇಲೆ ಹಳೇ ಪ್ರಶ್ನೆಪತ್ರಿಕೆ. ಕೊನೆಗೆ ಇದೊಂದು, ಮಾದರಿ ಪರೀಕ್ಷೆದು. ಗಡಿಯಾರ ಮುಂದಿಟ್ಕಂಡು ಬರೀಬೇಕು. ನಂಗೆ ರ‍್ಯಾಂಕು ತಂದ್ಕೊಟ್ಟಿದ್ದು ಇದೇಯಾ." ಹೀಗೆ ಹೇಳಿ ರಾಶಿಯ ತಳದಿಂದ ಎಳೆದದ್ದು ನೀಲಿ ರಟ್ಟಿನ, ಹೆಬ್ಬೆರಳು ದಪ್ಪದ ಒಂದು ಪುಸ್ತಕ. ತೆರೆದು ನೋಡಿದೆ. ಪುಟಪುಟವೂ ಪೆನ್ಸಿಲಿನ ಕಾಡು: ಸುತ್ತುಗಳು, ಗೀಟುಗಳು, ಅಂಚಿನ ತುಂಬ ಲೆಕ್ಕ, ಏನೇನೋ ಮಾತು. ಮನೆಯ ನೇಮದಂತೆ ಎಲ್ಲವೂ ಪೆನ್ಸಿಲಿನಲ್ಲೇ. ಆದರೆ ಹಗುರಾಗಿ ಅಲ್ಲ. ಅವಳದು ಒತ್ತಿ ಬರೆಯುವ ಕೈ. ಒಂದು ಪುಟದಲ್ಲಿ ಬರೆದದ್ದು ಹಿಂಬದಿಯಲ್ಲಿ ಉಬ್ಬಿ ನಿಂತಿತ್ತು.

"ಇವಳ್ಗೆ ಯೋಳಿ ಯೋಳಿ ಸಾಕಾಯ್ತು ಕಣ್ಲಾ," ಎಂದಳು ಭಾಗ್ಯಕ್ಕ. "ಪೆನ್ಸಿಲ್ ಇಡ್ಕಂಡ್ರೆ ನೇಗ್ಲು ಇಡ್ಕಂಡಂಗೆ."

"ಕೃಷಿಗೆ ಓಯ್ತಿರೋಳಲ್ವೇನವ್ವ ನಾನು!" ಎಂದಳು ಪೂರ್ಣಿ. ಮೂವರೂ ನಕ್ಕೆವು. ನನ್ನ ಪಾಲಿಗೆ ಆ ಮನೆಯ ಕೊನೆಯ ನಗು ಅದು.

ಆ ನೀಲಿ ಪುಸ್ತಕವೊಂದನ್ನೇ ಹಿಡಿದು ಮಂಡ್ಯಕ್ಕೆ ಬಂದವನು ಹೊಸ ರಬ್ಬರೊಂದನ್ನು ಕೊಂಡೆ. ಮಗಳ ಕೈಗೆ ಪುಸ್ತಕ ಸೇರುವ ಮುನ್ನ ಅದು ಶುದ್ಧವಾಗಬೇಕು. ಉತ್ತರಕ್ಕೆ ಸುತ್ತು ಹಾಕಿದ್ದು ಕಂಡರೆ ಅವಳು ಯೋಚಿಸುವುದುಂಟೇ? ಮೂರು ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ಹಜಾರದಲ್ಲಿ ಚಾಪೆ ಹಾಸಿ ಕೂತು ಉಜ್ಜಿದೆ. ಜಯಂತಿ ಚಾಪೆ ಕೊಡವಿದಾಗ ಬೂದು ಬಣ್ಣದ ಪುಡಿ ಮುಷ್ಟಿಗಟ್ಟಲೆ ಬೀಳುತ್ತಿತ್ತು. ಒತ್ತಿ ಬರೆದದ್ದು ಸುಲಭಕ್ಕೆ ಹೋಗುವುದಿಲ್ಲ. ಒಂದೆರಡು ಕಡೆ ಹಾಳೆಯೇ ಹರಿಯಿತು. ಅಲ್ಲಿ ಹಿಂದಿನಿಂದ ಕಾಗದ ಅಂಟಿಸಿದೆ. ಅಂಚಿನಲ್ಲಿ ಅವಳು ಬರೆದಿದ್ದ ಮಾತುಗಳನ್ನು ನಾನು ಓದಲಿಲ್ಲ. ಓದುತ್ತ ಕೂತರೆ ಕೆಲಸ ಸಾಗುವುದಿಲ್ಲವಲ್ಲ. ಕಣ್ಣಿಗೆ ಬಿದ್ದದ್ದು ಅಕ್ಷರವಲ್ಲ, ಅಳಿಸಬೇಕಾದ ಜಾಗ. ಮುಗಿದ ದಿನ ಹೆಮ್ಮೆಯಿಂದ ಮಳವಳ್ಳಿಗೆ ಫೋನು ಮಾಡಿ ಪೂರ್ಣಿಗೆ ಹೇಳಿದೆ. "ಅಯ್ಯೋ ಮಾವ, ನನ್ನ ಒಂದು ವರ್ಷದ ಗೇಮೆನ ಮೂರು ಭಾನುವಾರಕ್ಕೆ ಅಳಿಸಾಕ್ಬುಟ್ಯಲ್ಲ!" ಎಂದು ಅವಳು ಬಿದ್ದುಬಿದ್ದು ನಕ್ಕಳು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿ ಮೊದಲು ನಗುವಾಗಿ ಕೇಳಿ, ಆಮೇಲೆ ಬೇರೆಯಾಗುತ್ತದೆ.

ಸಿಂಚನ ಮಾದರಿ ಪರೀಕ್ಷೆಗಳನ್ನು ಶುರು ಮಾಡಿದಳು. ಅವಳದು ನನ್ನ ಹಾಗೆ ಹಗುರ ಕೈ. ಪುಸ್ತಕವನ್ನು ಮುಟ್ಟಿಯೂ ಮುಟ್ಟದಂತೆ ಇಟ್ಟುಕೊಂಡು, ಬೇರೆ ಹಾಳೆಯಲ್ಲಿ ಉತ್ತರ ಬರೆಯುತ್ತಿದ್ದಳು. ಅಂಕಗಳು ಬರತೊಡಗಿದವು ನೋಡಿ! ಅರವತ್ತಕ್ಕೆ ಐವತ್ತು, ಐವತ್ತೆರಡು, ಒಮ್ಮೆ ಐವತ್ತೇಳು. ಪೂರ್ಣಿಯ ಕೈಗುಣ ಎಂದೆ ನಾನು. ಮದ್ದೂರಿನ ಕಚೇರಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಚಿಂತೆ ಮಾಡುವವನಿಗೆ ಹೆಮ್ಮೆ ಪಡಲು ಅಭ್ಯಾಸವಿರುವುದಿಲ್ಲ, ಅಳತೆ ತಪ್ಪುತ್ತದೆ.

ಕಾರ್ತಿಕ ಮಾಸದಲ್ಲಿ ಪೂರ್ಣಿ ಕೃಷಿ ಕಾಲೇಜಿನ ಹಾಸ್ಟೆಲ್ಲಿನಿಂದ ಜ್ವರವೆಂದು ಮನೆಗೆ ಬಂದಳು. ಆರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಇದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗದು. ಲೋಕದ ಎಲ್ಲ ಕೇಡುಗಳನ್ನೂ ಮುಂಚಿತವಾಗಿ ಯೋಚಿಸಿ ಇಟ್ಟುಕೊಂಡಿದ್ದ ನಾನು ಇದೊಂದನ್ನು ಯೋಚಿಸಿರಲಿಲ್ಲ. ಇಷ್ಟು ವರ್ಷ ಬೇಡದ ಬಾಗಿಲುಗಳನ್ನೆಲ್ಲ ಕಾದು ಕೂತು, ಬೇಕಾದ ಬಾಗಿಲಿನಲ್ಲಿ ನಿದ್ದೆ ಹೋದ ಕಾವಲುಗಾರ ನಾನು. ತಿಥಿಯ ಮಾರನೆಯ ದಿನ ಮನೆಯ ಹಿರಿಯರು, ತಾಯಿಯ ಕಣ್ಣಿಗೆ ಬೀಳಬಾರದೆಂದು, ಅವಳ ಬಟ್ಟೆಗಳನ್ನು ಹೊಳೆಗೆ ಬಿಟ್ಟು, ಪುಸ್ತಕ ನೋಟುಬುಕ್ಕುಗಳನ್ನೆಲ್ಲ ಗುಜರಿಯವನಿಗೆ ಕೊಟ್ಟರು. ಗಂಟು ಕಟ್ಟುವಾಗ ಹಗ್ಗ ಹಿಡಿದವನು ನಾನೇ. ಬಿಗಿಯಾಗಿ ಕಟ್ಟಿದೆ, ದಾರಿಯಲ್ಲಿ ಬಿಚ್ಚಿಕೊಂಡೀತೆಂಬ ಚಿಂತೆಯಿಂದ. ಭಾಗ್ಯಕ್ಕ ಆಗ ಒಳಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಯಾರೂ ಅವಳನ್ನು ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ, ನಾನು ಮದ್ದೂರಿನಲ್ಲಿ ರೈಲಿಳಿಯುವ ಹೊತ್ತಿಗೆ, ಅವಳ ಫೋನು ಬಂತು. ದನಿ ಸಣ್ಣಗಾಗಿತ್ತು.

"ಸಿವೂ, ಆ ಪುಸ್ತಕ ಐತಲ್ಲ, ಪೂರ್ಣಿ ಕೊಟ್ಟಿದ್ದು. ಒಂದು ಕಿತ ತಂದು ತೋರ್ಸಪ್ಪ. ಇಸ್ಕಳಕಿಲ್ಲ, ಮಗೀಗೆ ಪರೀಕ್ಸೆ ಐತೆ ಅಂತ ಗೊತ್ತು. ಅವಳ ಅಕ್ಸರ ನೋಡ್ಬುಟ್ಟು ಕೊಟ್ಬುಡ್ತೀನಿ. ಮನೇಲಿ ಒಂದ್ ಚೂರೂ ಉಳಿಸಿಲ್ಲ ಕಣ್ಲಾ ಇವ್ರು."

ಪ್ಲಾಟ್‌ಫಾರ್ಮಿನ ಮೇಲೆ ವಡೆ ಮಾರುವವರ ಕೂಗು, ಜನರ ನೂಕು. ನಾನು ಹೇಳಬೇಕಾಗಿದ್ದದ್ದು ಮೂರೇ ಶಬ್ದ: ಅಳಿಸಿಬಿಟ್ಟೆ ಅಕ್ಕ, ಕ್ಷಮಿಸು. ಹೇಳಿದ್ದು ಬೇರೆ. "ಮಗು ಓದ್ತಾ ಇದೆ ಅಕ್ಕ. ಪರೀಕ್ಷೆ ಹತ್ರ ಬಂತು. ಬಿಡುವಾದ ತಕ್ಷಣ ತರ್ತೀನಿ."

"ಆಗ್ಲಿ ಬುಡು. ಓದ್ಲಿ. ಅರ್ಜೆಂಟೇನಿಲ್ಲ," ಎಂದಳು. ಫೋನು ಇಡುವ ಮುನ್ನ, "ಆದ್ರೂ ಒಸಿ ಬ್ಯಾಗ ತಾ," ಎಂದಳು.

ನಮ್ಮ ಕಾಲದ ಮನೆಗಳಲ್ಲಿ 'ಮಗುವಿನ ಪರೀಕ್ಷೆ' ಎಂಬುದಕ್ಕೆ ಎದುರು ಮಾತಿಲ್ಲ, ಗಮನಿಸಿದ್ದೀರಾ? ಮದುವೆ ಮುಂದೆ ಹೋಗುತ್ತದೆ, ಟೀವಿ ಬಾಯಿ ಮುಚ್ಚುತ್ತದೆ, ಬಂದ ನೆಂಟರು ಕಾಲ ತುದಿಯಲ್ಲಿ ನಡೆಯುತ್ತಾರೆ. ಮಗಳನ್ನು ಕಳೆದುಕೊಂಡ ತಾಯಿ ಕೂಡ ಆ ಮಾತಿಗೆ ತಲೆಬಾಗಿದಳು. ಅಂಥ ಗಟ್ಟಿ ಮರದ ಹಿಂದೆ ನಾನು ಅಡಗಿದೆ. ಮತ್ತೆರಡು ಸಲ ಅವಳು ಫೋನು ಮಾಡಿದಳು; ಎರಡೂ ಸಲ ಸಿಂಚನಳ ಓದನ್ನು ವಿಚಾರಿಸಿ, ಪುಸ್ತಕದ ಮಾತೆತ್ತದೆ ಇಟ್ಟಳು. ಎತ್ತಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಶಿವರಾತ್ರಿಯ ಹಿಂದಿನ ಭಾನುವಾರ, ಸಿಂಚನ ಸ್ನಾನಕ್ಕೆ ಹೋದಾಗ, ನೀಲಿ ಪುಸ್ತಕವನ್ನು ಎತ್ತಿಕೊಂಡು ಮೊದಲ ಪುಟದಿಂದ ಹುಡುಕತೊಡಗಿದೆ. ಒಂದು ಸಾಲು, ಒಂದು ಅಕ್ಷರ, ಹೋಗಲಿ ಒಂದು ಅಂಕಿ ಉಳಿದಿದ್ದರೆ ಸಾಕಿತ್ತು. ಕಚೇರಿಯಿಂದ ಭೂತಗನ್ನಡಿ ತಂದಿದ್ದೆ. ಈ ಜನ್ಮದಲ್ಲಿ ನಾನು ಹಿಡಿದ ಯಾವ ಕೆಲಸವನ್ನೂ ಪೂರ್ತಿ ಮಾಡಿದವನಲ್ಲ. ಕಟ್ಟಿದ ಮನೆಗೆ ಇನ್ನೂ ಹಿಂದಿನ ಗೋಡೆಯ ಗಾರೆಯಾಗಿಲ್ಲ, ಕಲಿಯಹೊರಟ ಕೊಳಲು ಅಟ್ಟದ ಮೇಲಿದೆ. ಇದೊಂದು ಕೆಲಸವನ್ನು ಮಾತ್ರ ಇಷ್ಟು ಅಚ್ಚುಕಟ್ಟಾಗಿ ಮುಗಿಸಿದ್ದೆನಲ್ಲ! ಇನ್ನೂರು ಪುಟಗಳ ಅಂಚೂ ಹಾಲಿನಂತೆ ಬಿಳಿ. ನಾನು ಒಂದಿಷ್ಟು ಮೈಗಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದಾಗ, ತಲೆಗೆ ಟವೆಲು ಸುತ್ತಿಕೊಂಡು ಸಿಂಚನ ಬಾಗಿಲಲ್ಲಿ ನಿಂತಿದ್ದಳು.

"ಏನಪ್ಪ ಹುಡುಕ್ತಾ ಇದ್ದೀಯ?"

ಹೇಳಿದೆ. ಫೋನಿನ ಮಾತು, ನನ್ನ ಸುಳ್ಳು, ಎಲ್ಲವನ್ನೂ. ಅವಳ ಮುಖ ಬಿಳುಪೇರಿತು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕಿಟಕಿಯ ಹತ್ತಿರ ಹೋಗಿ, ಬಿಸಿಲಿಗೆ ಓರೆಯಾಗಿ ಹಿಡಿದಳು.

"ಇಲ್ಲಿ ಬಾ ಅಪ್ಪ. ಹೀಗೆ ನೋಡು."

ಓರೆ ಬೆಳಕಿನಲ್ಲಿ ಹಾಳೆಯ ಮೇಲೆ ಸಣ್ಣ ನೆರಳುಗಳು ಎದ್ದವು. ಉತ್ತರವೊಂದರ ಸುತ್ತ ಒಂದು ತಗ್ಗಿದ ಬಳೆ. ಅದರ ಕೆಳಗೆ ಇನ್ನೊಂದು. ಅಂಚಿನಲ್ಲಿ ಬಣ್ಣವಿಲ್ಲದ ಅಕ್ಷರಗಳ ಗುಂಡಿಗಳು, ಉತ್ತು ಬಿಟ್ಟ ನೆಲದ ಸಾಲಿನ ಹಾಗೆ. ಪೂರ್ಣಿ ಒತ್ತಿ ಬರೆದಿದ್ದಳು. ನಾನು ಕರಿಯನ್ನು ಒರೆಸಿದ್ದೆ, ಕೈಯನ್ನು ಒರೆಸಲಾಗಿರಲಿಲ್ಲ.

"ಮೊದಲನೇ ಟೆಸ್ಟಲ್ಲೇ ಗೊತ್ತಾಯ್ತು," ಎಂದಳು ಸಿಂಚನ, ನನ್ನ ಮುಖ ನೋಡದೆ. "ಕಿಟಕಿ ಹತ್ರ ಕೂತ್ರೆ ಸುತ್ತು ಹಾಕಿದ್ದೆಲ್ಲ ಕಾಣುತ್ತೆ. ನೋಡ್ಕೊಂಡೇ ಬರೆದೆ ಅಪ್ಪ. ಐವತ್ತೇಳು ನಂದಲ್ಲ, ಪೂರ್ಣಿ ಅಕ್ಕಂದು. ನಂಗೆ ನಿಜವಾಗ್ಲೂ ಮೂವತ್ತು ಬಂದ್ರೆ ಹೆಚ್ಚು." ಮೂಗು ಒರೆಸಿಕೊಂಡಳು. "ನೀನು ಎಲ್ಲಾರ್ಗೂ ಹೇಳ್ಕೊಂಡು ಓಡಾಡ್ತಿದ್ದೆ. ಹೆಂಗೆ ಹೇಳ್ಲಿ?"

ಬೇರೆ ದಿನವಾಗಿದ್ದರೆ ಈ ಸುದ್ದಿಗೆ ನಾನು ಒಂದು ವಾರ ಹಾಸಿಗೆ ಹಿಡಿಯುತ್ತಿದ್ದೆ. ಅಂದು ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟು ನಿಂತೆ, ಅಷ್ಟೆ. ಒಂದು ಸುಳ್ಳಿನ ಹಿಂದೆ ಅಪ್ಪ, ಇನ್ನೊಂದರ ಹಿಂದೆ ಮಗಳು. ಒಂದೇ ಪುಸ್ತಕದ ಎರಡು ಬದಿಯಲ್ಲಿ ಇಬ್ಬರೂ ಅಡಗಿ ಕೂತಿದ್ದೆವು. ಮೊದಲು ಹೊರಗೆ ಬಂದವಳು ಅವಳು.

ಅವತ್ತೇ ಮಳವಳ್ಳಿಗೆ ಹೊರಟೆವು. ಬಸ್ಸಿನಲ್ಲಿ ಸಿಂಚನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯನ್ನೂ ಅದರ ಮೇಲಿಟ್ಟುಕೊಂಡು ಕೂತಿದ್ದಳು. ಭಾಗ್ಯಕ್ಕ ಬಾಗಿಲಲ್ಲೇ ಇದ್ದಳು. ಹುಳು ಸಾಕುವುದನ್ನು ನಿಲ್ಲಿಸಿದ್ದರು. ಖಾಲಿ ತಟ್ಟೆಗಳು ಗೋಡೆಗೊರಗಿದ್ದವು. ಅವಳ ಕಣ್ಣು ನೇರವಾಗಿ ಪುಸ್ತಕಕ್ಕೆ ಹೋಯಿತು. ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ತೆರೆದಳು. ತಿರುವಿದಳು. ಮತ್ತೆ ತಿರುವಿದಳು. ಆಮೇಲೆ ನನ್ನನ್ನು ನೋಡಿದಳು.

"ಅಳಿಸ್ಬುಟ್ಯಾ?"

ಹೌದೆಂದು ತಲೆಯಾಡಿಸಿದೆ.

"ಪೂರ್ತಿನಾ?"

ಬಯ್ಯುತ್ತಾಳೆಂದು ಕಾದೆ, ಬಯ್ದಿದ್ದರೆ ಉಪಕಾರವಾಗುತ್ತಿತ್ತು. ಅವಳು ಹೊಸ್ತಿಲ ಮೇಲೆ ಕುಸಿದು ಕೂತು, ತನ್ನಷ್ಟಕ್ಕೆ ಎಂಬಂತೆ ಅಂದಳು: "ನಾನೇ ಅಲ್ವೇನ್ಲಾ ನಿಂಗೆ ಕಲ್ಸಿದ್ದು."

ಸಿಂಚನ ಅವಳ ಪಕ್ಕ ಕೂತಳು. "ಅತ್ತೆ, ಇಲ್ಲಿ ನೋಡಿ," ಎಂದು ಪುಸ್ತಕವನ್ನು ಬಾಗಿಲ ಬೆಳಕಿಗೆ ಓರೆ ಮಾಡಿದಳು. ಭಾಗ್ಯಕ್ಕನ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ನೀರು ತುಂಬಿದ್ದಕ್ಕೋ ವಯಸ್ಸಿಗೋ. ಸಿಂಚನ ಅಕ್ಷರದ ಮೇಲೆ ಬೆರಳಿಡದೆ, ಪಕ್ಕದಲ್ಲಿ ತೋರಿಸುತ್ತ ಓದತೊಡಗಿದಳು. "ಇಲ್ಲಿ 'ಇದು ಬರಲ್ಲ' ಅಂತ ಬರೆದವ್ಳೆ. ಇಲ್ಲಿ 'ಥೂ, ಗೊತ್ತಿದ್ದೂ ತಪ್ಪು' ಅಂತ. ಇಲ್ಲಿ..." ತಡೆದಳು. ಆಮೇಲೆ ನಿಧಾನವಾಗಿ ಓದಿದಳು. "'ಅವ್ವ ಉಣ್ಣಕ್ ಕರೀತಾವ್ಳೆ. ಇನ್ನ ಮೂರೇ.'"

ಭಾಗ್ಯಕ್ಕ ಉಸಿರೆಳೆದುಕೊಂಡಳು. "ಮೂರೇ ಅನ್ನೋಳು, ಅರ್ಧ ಗಂಟೆ ಮಾಡೋಳು. ಮುದ್ದೆ ಆರೋಯ್ತದೆ ಬಾರೇ ಅಂತ ಬಯ್ತಿದ್ದೆ ಕಣವ್ವ. ಒಂದಿನ ತಟ್ಟೆನ ಕುಕ್ಕಿದ್ದೆ ಕೂಡ." ಹಾಳೆಯ ಮೇಲೆ ಬೆರಳಾಡಿಸಿದಳು. ವರ್ಷಗಟ್ಟಲೆ ಸೊಪ್ಪು ಕತ್ತರಿಸಿ ಜಡ್ಡುಗಟ್ಟಿದ ಬೆರಳು. "ಈ ಬೆರ್ಳಿಗೆ ತಿಳೀತಾ ಇಲ್ಲ," ಎಂದಳು. ಕೈಯನ್ನು ಮಗುಚಿ, ಮಣಿಕಟ್ಟಿನ ಒಳಮೈಯನ್ನು, ಕೂಸಿನ ಹಾಲು ಬಿಸಿಯಾಗಿದೆಯೇ ಎಂದು ತೊಟ್ಟಿಕ್ಕಿಸಿ ನೋಡುತ್ತಾರಲ್ಲ ಆ ಜಾಗವನ್ನು, ಹಾಳೆಯ ಅಂಚಿಗೆ ಇಟ್ಟು, ಮೆಲ್ಲಗೆ ಒತ್ತಿ, ಹಾಗೆಯೇ ಎಳೆದಳು. ಮತ್ತೊಮ್ಮೆ ಎಳೆದಳು. ಅವಳಿಗೆ ತಿಳಿಯಿತೆಂದು ನಮಗೆ ತಿಳಿಯಿತು.

ಸಿಂಚನ ಸ್ವಲ್ಪ ಹೊತ್ತಾದ ಮೇಲೆ, ಪೆನ್ಸಿಲನ್ನು ಅಡ್ಡ ಹಿಡಿದು ಮೇಲೆ ತೆಳ್ಳಗೆ ಸವರಿದರೆ ಅಕ್ಷರಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆಂದು ಹೇಳಿದಳು. ಭಾಗ್ಯಕ್ಕ ಪುಸ್ತಕವನ್ನು ಎದೆಗೆ ಎಳೆದುಕೊಂಡಳು. "ಬ್ಯಾಡ ಕಣವ್ವ. ಅದ್ರ ಮ್ಯಾಲೆ ಇನ್ನೊಬ್ರ ಕೈ ಬ್ಯಾಡ." ಆಮೇಲೆ ಏನೋ ನೆನಪಾದಂತೆ ಗಾಬರಿಗೊಂಡು, "ನಿನ್ ಪರೀಕ್ಸೆ?" ಎಂದಳು.

"ನಂಗೆ ಬೇರೆ ತಗೋತೀನಿ ಅತ್ತೆ. ಇದ್ರಲ್ಲಿ ನಾನು ಏನೂ ಕಲ್ತಿಲ್ಲ," ಎಂದಳು ನನ್ನ ಮಗಳು.

ಹಿಂದಿರುಗುವಾಗ ಮಂಡ್ಯದ ಅದೇ ಅಂಗಡಿಗೆ ಹೋದೆವು. ನಾನು ಹೊರಗೆ ನಿಂತೆ. ಯಜಮಾನರು ಗಾಜಿನಾಚೆಯಿಂದ ನನ್ನನ್ನು ನೋಡಿ, ಒಳ್ಳೆಯ ಬುದ್ಧಿ ಬಂತೆಂಬಂತೆ ತಲೆಯಾಡಿಸಿದರು. ಸಿಂಚನ ಐದು ನಿಮಿಷದಲ್ಲಿ ಒಂದು ಪುಸ್ತಕ ಹಿಡಿದು ಬಂದಳು. ದಪ್ಪವೋ ತೆಳುವೋ ನಾನು ನೋಡಲಿಲ್ಲ. ಸಂಜೆ ಕಿಟಕಿಯ ಹತ್ತಿರ ಗಡಿಯಾರ ಇಟ್ಟುಕೊಂಡು ಮೊದಲ ಪರೀಕ್ಷೆಗೆ ಕೂತಳು. ಅರವತ್ತಕ್ಕೆ ಇಪ್ಪತ್ತೊಂಬತ್ತು ಬಂತು. ಯಾರಿಗೂ ಹೇಳಿಕೊಳ್ಳಲಾಗದ ಅಂಕ. ಆದರೆ ಅವಳದೇ.

ಈಗ ಪರೀಕ್ಷೆಗೆ ಹೆಚ್ಚು ದಿನಗಳಿಲ್ಲ. ಅಂಕ ಮೂವತ್ತೈದರ ಆಚೀಚೆ ತೂಗುತ್ತಿದೆ. ಇದನ್ನು ಬರೆಯುತ್ತಿರುವಾಗ ಅವಳು ಎದುರಿಗೇ ಕೂತಿದ್ದಾಳೆ. ಹೊಸ ಪುಸ್ತಕ, ಅವಳದೇ ಪುಸ್ತಕ. ಆದರೂ ಪೆನ್ಸಿಲನ್ನು ತುದಿಬೆರಳಲ್ಲಿ ಹಿಡಿದು, ಹಾಳೆಗೆ ನೋವಾದೀತೆಂಬಂತೆ, ಉಸಿರು ತಾಗಿದಷ್ಟು ಹಗುರಾಗಿ ಸುತ್ತು ಹಾಕುತ್ತಿದ್ದಾಳೆ. ಮುಂದಿನ ವರ್ಷ ಯಾರಿಗೋ ಬೇಕಾಗುತ್ತದಲ್ಲ, ಅದಕ್ಕೆ. ಯಾರು ಕಲಿಸಿದ್ದೆಂದು ಕೇಳಬೇಡಿ. ಜೇಬಿನೊಳಗೆ ಕೈಹಾಕಿ ರಬ್ಬರನ್ನು ಮುಟ್ಟಿ ನೋಡಿಕೊಂಡೆ. ಆ ಮೂರು ಭಾನುವಾರಗಳ ಪುಡಿಯನ್ನೆಲ್ಲ ಜಯಂತಿ ಬೀದಿಗೆ ಕೊಡವಿದಳು. ಪೂರ್ಣಿಯ ಪೆನ್ಸಿಲಿನ ಕರಿ ಉಳಿದಿದ್ದರೆ ಅದು ಇದರ ಮೈಮೇಲೆ ಮಾತ್ರ. ಇದನ್ನು ನಾನು ಇನ್ನೆಂದೂ ಯಾವ ಹಾಳೆಗೂ ಉಜ್ಜಲಾರೆ. ಭಾಗ್ಯಕ್ಕನಿಗೆ ಕೊಡಬೇಕೇನೋ. ಕೊಡಲು ಇನ್ನೂ ಧೈರ್ಯ ಬಂದಿಲ್ಲ.

"ಸ್ವಲ್ಪ ಒತ್ತಿ ಬರಿ ಮಗಳೇ," ಎಂದೆ.

ಅವಳು ತಲೆಯೆತ್ತಿ ನನ್ನ ಮುಖವನ್ನೂ ನನ್ನ ಜೇಬನ್ನೂ ನೋಡಿದಳು. ಏಕೆಂದು ಕೇಳಲಿಲ್ಲ. ಪೆನ್ಸಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.